ದ್ವಾದಶಿ ಎರಡು ದಿನ ನಿಂತ ವರ್ಷ

೮-೧೧-೧೯೯೯, ಸೋಮವಾರ. ಬೆಳಗ್ಗೆ ಎಂಟು

ಸರಿ ಬಂತು.

ನಿನ್ನೆ ರಾತ್ರಿ ಬರೆದದ್ದು — ಪೂರಾ ಕತ್ತಲು. ನಕ್ಷತ್ರ ಮಿಣುಕದೆ ನಿಂತಿವೆ. ಗಾಳಿ ಏಳುವುದಿಲ್ಲ. ಬಂಗಡೆ ಬರಬೇಕು.

ಇವತ್ತು ಮೀನು ಮಾರ್ಕೆಟ್ಟಿನಲ್ಲಿ ತಿಮ್ಮಿಯ ಎರಡೂ ಬುಟ್ಟಿ ಬಂಗಡೆ. ರಾತ್ರಿ ಹಿಡಿದದ್ದೇ, ಕಣ್ಣು ಇನ್ನೂ ತಿಳಿಯಾಗಿತ್ತು. ಕತ್ತಲಲ್ಲಿ ಮೀನಿನ ಹಿಂಡು ಹೊರಳಿದರೆ ನೀರು ಮಿಂಚುತ್ತದೆ, ಬಲೆಯವರಿಗೆ ಕಾಣುತ್ತದೆ. ಬೆಳದಿಂಗಳಲ್ಲಿ ಕಾಣುವುದಿಲ್ಲ. ಅಪ್ಪ ಹೇಳಿಕೊಟ್ಟದ್ದು. ರಾತ್ರಿ ಆಕಾಶ ನೋಡಿ ಬರೆಯುತ್ತೇನೆ, ಬೆಳಗ್ಗೆ ಬುಟ್ಟಿ ನೋಡಿ ಸರಿ ಅಥವಾ ತಪ್ಪು ಹಾಕುತ್ತೇನೆ. ಘಟ್ಟ ಹತ್ತಿ ಈ ಶಿರಸಿಗೆ ಬರುವ ಸಮುದ್ರ ಅದೊಂದೇ ಬುಟ್ಟಿ.

"ಕೆರಿಯಣ್ಣ, ತಕಂಬೂದಿಲ್ಲ, ಬರೀ ನೋಡೂಕೆ ಬತ್ಯಲ. ನನ್ನ ಬುಟ್ಟಿಗೆ ದೃಷ್ಟಿ ತಾಗ್ತದೆ" ಅಂದಳು ತಿಮ್ಮಿ. ನಮ್ಮ ದಂಡೆಯವಳೇ. ದಿನಾ ಬೆಳಗ್ಗೆ ಟೆಂಪೋದಲ್ಲಿ ಮೀನಿನ ಜೊತೆ ಬರುತ್ತಾಳೆ, ಮಧ್ಯಾಹ್ನದ ಬಸ್ಸಿಗೆ ಇಳಿಯುತ್ತಾಳೆ. ಯಾಕೆ ನೋಡುತ್ತೇನೆ ಅಂತ ಅವಳಿಗೆ ಗೊತ್ತು.

ನಾಚಿಕೆಯಾಗಿ ಎರಡು ತೆಗೆದುಕೊಂಡೆ. ಒಬ್ಬನಿಗೆ ಎರಡು ಹೆಚ್ಚು. ಇಟ್ಟರೆ ಹಾಳು, ತಿಂದರೆ ಹೊಟ್ಟೆ ಉಬ್ಬರ. ಒಂದು ನಾನು ದುಡಿಯುವ ಅಕ್ಕಿ ಮಿಲ್ಲಿನ ಬೆಕ್ಕಿಗೆ.

೧೦-೧೧, ಬುಧವಾರ

ವಜ್ರಳ್ಳಿಯಿಂದ ಭತ್ತದ ಲಾರಿ ಬಂತು. ಇಡೀ ದಿನ ಮಿಲ್ಲಿನ ಅಂಗಳದಲ್ಲಿ ಬೇಯಿಸಿದ ಭತ್ತ ಹರವಿ ಕಾಲಲ್ಲಿ ತಿರುವಿದ್ದು. ಸಂಜೆ ಬಿದಿಗೆಯ ಚಂದ್ರ ಕಾಣುತ್ತಾನೇನೋ ಅಂತ ನಿಂತಿದ್ದೆ. ಪಶ್ಚಿಮಕ್ಕೆ ಮರ, ಅದರಾಚೆ ಗುಡ್ಡ. ಕಾಣಲಿಲ್ಲ.

ಮೇಸ್ತ್ರಿ ವೀರಪ್ಪ ಹಿಂದಿನಿಂದ — "ಏ ಕೆರಿಯಾ, ಆಕಾಶದಾಗ ನಿನ್ನ ಹೆಣ್ತಿ ಅದಾಳೇನ? ಇತ್ತಾಗ ನೋಡಲೇ, ಗುಬ್ಬಿ ಭತ್ತ ತಿನ್ನಾಕತ್ತಾವ." ಹಾವೇರಿ ಕಡೆಯ ಮನುಷ್ಯ. ಕೆಟ್ಟವನಲ್ಲ.

ಬರೆಯಬೇಕಾದದ್ದು ಇದಲ್ಲ. ಬೆಳಗ್ಗೆ ತಿಮ್ಮಿ ಹೇಳಿದಳು — ಅಣ್ಣನ ಮಗ ಜಟ್ಟು ಈಗ ತಾಂಡೇಲ ಆಗಿದ್ದಾನಂತೆ. ಚುಕ್ಕಾಣಿ ಅವನ ಕೈಯಲ್ಲೇ. ಅಣ್ಣನದೇ ದೋಣಿ, ಹಲಗೆ ಬದಲಿಸಿ ನೀರಿಗೆ ಇಳಿಸಿದ್ದಾರೆ. ನಾನು ಊರು ಬಿಡುವಾಗ ಹನ್ನೆರಡು ವರ್ಷದವ. ಈಗ ಇಪ್ಪತ್ತಮೂರು, ಮದುವೆಯೂ ಆಗಿದೆ.

"ಅತ್ತಿಗೆ ಏನಂತಾಳೆ?" ಅಂತ ಕೇಳಿಬಿಟ್ಟೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ.

"ದೇವಕಕ್ಕ ಎಂತ ಹೇಳೂದು? ದೋಣಿ ಹೋದ ರಾತ್ರಿ ನಿದ್ದೆ ಮಾಡೂದಿಲ್ಲ. ಬಾಗ್ಲಲ್ಲೇ ಕೂತಿರ್ತದೆ."

ಅದೇ ದೋಣಿಯನ್ನು ಯಾಕೆ ಇಳಿಸಬೇಕಿತ್ತು. ಹಲಗೆ ಸರಿಯಾಗಿ ಕೂತಿದೆಯೋ ಇಲ್ಲವೋ. ಯಾರು ಕೂರಿಸಿದರೋ. ಕೇಳಬೇಕಿತ್ತು...

೧೧-೧೧

ನಿದ್ದೆ ಇಲ್ಲ. ಮೂರು ಸಲ ಎದ್ದು ಕೋಣೆಯ ಚಿಲಕ ನೋಡಿದೆ.

೧೪-೧೧, ಭಾನುವಾರ. ರಾತ್ರಿ ಒಂಬತ್ತು

ಷಷ್ಠಿ. ಚಂದ್ರನ ಸುತ್ತ ದೊಡ್ಡ ಬಳೆ ಕಟ್ಟಿದೆ. ಬಳೆಯ ಒಳಗೆ ಒಂದೇ ನಕ್ಷತ್ರ. ಒಂದು ನಕ್ಷತ್ರ ಅಂದರೆ ಒಂದು ದಿನದೊಳಗೆ ಗಾಳಿ ಅಂತ ಅಪ್ಪನ ಲೆಕ್ಕ. ಮೂಡಲ ಕಡೆಯವೂ ಜೋರು ಮಿಣುಕುತ್ತಿವೆ, ಯಾರೋ ಊದಿದ ಹಾಗೆ.

ಎರಡು ಗುರುತು ಒಂದೇ ರಾತ್ರಿ. ಜಟ್ಟುವಿಗೆ ಗೊತ್ತಿರಬಹುದು. ಗೊತ್ತಿಲ್ಲದೆಯೂ ಇರಬಹುದು. ಯಾರು ಹೇಳಿಕೊಟ್ಟಿರುತ್ತಾರೆ? ಹೇಳಿಕೊಡಬೇಕಾದ ಇಬ್ಬರಲ್ಲಿ ಒಬ್ಬ ಇಲ್ಲ, ಇನ್ನೊಬ್ಬ ಇಲ್ಲಿ ಭತ್ತ ತಿರುವುತ್ತಾನೆ.

ರೇಡಿಯೋ ಏನೂ ಹೇಳಲಿಲ್ಲ.

೧೫-೧೧, ಸೋಮವಾರ

ಹೇಳಿ ಕಳಿಸಿದೆ. ಹೇಳಬಾರದಿತ್ತೇನೋ. "ಇವತ್ತು ರಾತ್ರಿ ದೋಣಿ ಬೇಡ ಅಂತ ಜಟ್ಟುಗೆ ಹೇಳು" ಅಂದೆ. ತಿಮ್ಮಿ ಕತ್ತಿ ಕೆಳಗಿಟ್ಟು ನನ್ನ ಮುಖ ನೋಡಿದಳು.

"ಯಾರು ಹೇಳ್ದ್ರು ಅನ್ಲಿ?"

"ಯಾರೋ ಅನ್ನು."

"ಯಾರೋ ಅಂದ್ರೆ ಅಂವ ಕೇಂಬೂದಿಲ್ಲ. ಚಿಕ್ಕಪ್ಪ ಅಂತ್ಲೇ ಹೇಳ್ತೆ."

ಬೇಡ ಅನ್ನುವಷ್ಟರಲ್ಲಿ ಗಿರಾಕಿ ಬಂದರು.

೧೬-೧೧, ಮಂಗಳವಾರ

ತಪ್ಪು.

ಗಾಳಿ ಇಲ್ಲ, ಏನೂ ಇಲ್ಲ. ಬೇರೆ ದೋಣಿಗಳೆಲ್ಲ ತುಂಬಿ ಬಂದಿವೆ. ತಿಮ್ಮಿಗೆ ಇವತ್ತು ಮೂರು ಬುಟ್ಟಿ. ಜಟ್ಟು ಒಬ್ಬನೇ ಮನೆಯಲ್ಲಿ ಕೂತಿದ್ದ. ನನ್ನ ಹೆಸರು ಕೇಳಿದ್ದೇ ಬಲೆ ಮಡಚಿಟ್ಟನಂತೆ. ಬೆಳಗ್ಗೆ ದಂಡೆಯಲ್ಲಿ ನಗೆಯೋ ನಗೆ — "ನಿನ್ನ ಚಿಕ್ಕಪ್ಪ ಘಟ್ಟದ ಮೇಲೆ ಬಿಸಲಿಗೆ ಒಣಗಿ ಬಂಗಡೆ ಆಗ್ಯಾನೆ" ಅಂದರಂತೆ. ತಿಮ್ಮಿ ಅದನ್ನೂ ಮುಚ್ಚಿಡದೆ ಹೇಳಿದಳು.

ಮಿಲ್ಲಿನ ಹೊಗೆಯ ಒಳಗಿಂದ ನೋಡಿದ್ದೆನೋ. ಇಲ್ಲಿಯ ಚಳಿಯ ಮಂಜಿಗೇ ಬಳೆ ಕಟ್ಟಿತ್ತೋ. ಇಲ್ಲಿಯ ಆಕಾಶ ಅಲ್ಲಿಯದಲ್ಲ. ಇಷ್ಟು ವರ್ಷ ನೋಡಿಯೂ ಇದು ಹೊಳೆಯಲಿಲ್ಲ.

ಇನ್ನು ಬರೆಯುವುದಿಲ್ಲ.

೨೦-೧೧, ಶನಿವಾರ

ಇವತ್ತು ಬರೆಯದಿದ್ದರೆ ಆಗುವುದಿಲ್ಲ. ತುಳಸಿ ಪೂಜೆ.

ಬೆಳಗ್ಗೆ ಗುಡಿಯ ಭಟ್ಟರ ಹತ್ತಿರ ಹೋಗಿ ತಿಥಿ ಕೇಳಿದೆ. ದ್ವಾದಶಿ ಅಂದರು. ಚಾ ಕುಡಿದು ಬಂದು ಮತ್ತೆ ಕೇಳಿದೆ. "ಮೂರನೇ ಸಲ ಕೇಳದು ನೀನು. ದ್ವಾದಶಿ ಎಂತ ಓಡಿಹೋಗ್ತಾ?" ಅಂದರು. ಮೂರಲ್ಲ, ಎರಡೇ ಸಲ. ನಿನ್ನೆಯದನ್ನೂ ಸೇರಿಸಿ ಹೇಳಿದರೇನೋ.

ದ್ವಾದಶಿ ಓಡಿಹೋಗುವುದಿಲ್ಲ. ನಿಂತುಬಿಡುತ್ತದೆ. ಆ ವರ್ಷ ನಿಂತಿತ್ತು.

ಯಾರಿಗೂ ಹೇಳಿಲ್ಲ. ಇಲ್ಲಿ ಬರೆಯುತ್ತೇನೆ.

ನಮ್ಮ ದೋಣಿಗೆ ಲೆಕ್ಕ ಹೇಳುವವ ನಾನು. ಅಪ್ಪನ ನಂತರ ನಾನು. ತಿಥಿ ಒಂದು ಮುಂದೆ ಹೋದರೆ ಭರತಿ, ಅಂದರೆ ಏರುವ ನೀರು, ಎರಡು ಗಳಿಗೆ ತಡ. ಅಮಾವಾಸ್ಯೆ ಹುಣ್ಣಿಮೆಗೆ ಹನ್ನೊಂದರ ಸುಮಾರು, ಅಲ್ಲಿಂದ ದಿನಕ್ಕೆ ಎರಡೆರಡು ಗಳಿಗೆ ಸೇರಿಸಿಕೊಂಡು ಹೋಗುವುದು. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ನೀರು ತುಂಬಿದ್ದಾಗ ಮಾತ್ರ ದೋಣಿ ಒಳಗೆ ಬರಬೇಕು. ನೀರು ಇಳಿಯಲು ಹಿಡಿದರೆ ಹೊಳೆ ಹೊರಗೆ ನೂಕುತ್ತದೆ, ಅಲೆ ಒಳಗೆ ನೂಕುತ್ತದೆ. ನಡುವೆ ದೋಣಿ.

ಐದನೇ ಕ್ಲಾಸು ಅರ್ಧಕ್ಕೆ ಬಿಟ್ಟವ. ಪಂಚಾಂಗದ ಸಣ್ಣ ಅಕ್ಷರ ಬಿಡಿಸಲು ಬರುತ್ತಿರಲಿಲ್ಲ, ಕೇಳಲು ನಾಚಿಕೆ. ಅಮಾವಾಸ್ಯೆಯಿಂದ ಬೆರಳಲ್ಲಿ ಎಣಿಸುತ್ತಿದ್ದೆ. ಆ ಸಲ ದ್ವಾದಶಿ ಎರಡು ದಿನ ಇತ್ತು. ನನ್ನ ಬೆರಳಿಗೆ ಅದು ಗೊತ್ತಿಲ್ಲ. ಎರಡನೇ ದಿನ ತ್ರಯೋದಶಿ ಅಂದುಕೊಂಡೆ. ಅಣ್ಣನಿಗೆ ಹೇಳಿದೆ — ರಾತ್ರಿ ಒಂಬತ್ತೂವರೆ ಹತ್ತಿರ ಬಾ, ನೀರು ತುಂಬಿರುತ್ತದೆ, ಅರ್ಧ ಗಂಟೆ ತಡವಾದರೂ ಅಡ್ಡಿಯಿಲ್ಲ.

ತುಂಬಿದ್ದು ಎಂಟೂವರೆಗೇ.

ಆ ಸಂಜೆ ಊರಲ್ಲೆಲ್ಲ ತುಳಸಿ ಕಟ್ಟೆಗೆ ಕಬ್ಬು ಕಟ್ಟುತ್ತಿದ್ದರು. ನೆಲ್ಲಿಯ ಟೊಂಗೆ ಇಡುತ್ತಿದ್ದರು. ನಮ್ಮ ಮನೆಯಲ್ಲೂ. ಕಬ್ಬು ಕಡಿದು ಕೊಟ್ಟವ ನಾನೇ. ಇವತ್ತು ತುಳಸಿ ಪೂಜೆ ಅಂದರೆ ಇವತ್ತೇ ದ್ವಾದಶಿ ಅಂತ ಪ್ರತಿ ಅಂಗಳವೂ ಹೇಳುತ್ತಿತ್ತು. ಕೇಳಿಸಲಿಲ್ಲ. ಕಟ್ಟೆಯ ಮುಂದೆ ಕೂತು ಅವಲಕ್ಕಿ ತಿಂದೆ.

ಇನ್ನೊಂದಿದೆ. ಅಪ್ಪನ ಕಾಲದ ನಿಯಮ — ಲೆಕ್ಕ ಹೇಳಿದವನು ದೋಣಿ ತಿರುಗಿ ಬರುವ ಹೊತ್ತಿಗೆ ಅಳಿವೆಗೆ ಹೋಗಿ, ಒಣಗಿದ ತೆಂಗಿನ ಗರಿಯ ಸೂಡಿ ಹೊತ್ತಿಸಿ ನಿಲ್ಲಬೇಕು. ನೀರು ಇಳಿಯುತ್ತಿದ್ದರೆ ಸೂಡಿ ಅಡ್ಡ ಬೀಸಬೇಕು. ಬರಬೇಡ, ಹೊರಗೇ ಇರು ಅಂತ. ಆಗ ದೋಣಿ ಹೊರಗೇ ರಾತ್ರಿ ಕಳೆಯುತ್ತದೆ. ಲೆಕ್ಕ ತಪ್ಪಿದರೂ ಸೂಡಿ ಇರುತ್ತದೆ.

ನನ್ನ ಲೆಕ್ಕ ತಪ್ಪುವುದಿಲ್ಲ ಅಂತ ನಾನು ಹೋಗಲಿಲ್ಲ. ಅವಲಕ್ಕಿ ತಿನ್ನುತ್ತಿದ್ದೆ.

ದೋಣಿ ಅಳಿವೆಯಲ್ಲಿ ಮಗುಚಿತು. ಅಣ್ಣ ಸಿಕ್ಕಿದ್ದು ಹುಣ್ಣಿಮೆಯ ದಿನ.

ಅತ್ತಿಗೆ ಬೈಯಲಿಲ್ಲ. "ಕೆರಿಯಾ, ಸೂಡಿ?" ಅಂದಳು, ಅಷ್ಟೇ. ವಾರ ಕಳೆದು ಘಟ್ಟದ ಬಸ್ಸು ಹತ್ತಿದೆ.

ಇಲ್ಲಿ ಶಂಕರಹೊಂಡದ ನೀರು ಅಘನಾಶಿನಿಯಾಗಿ ಹರಿದು ಅದೇ ಅಳಿವೆಗೆ ಹೋಗುತ್ತದೆ ಅಂತ ಬಂದಮೇಲೆ ಗೊತ್ತಾಯಿತು. ಹೊಂಡದ ದಾರಿಯಲ್ಲಿ ನಾನು ಓಡಾಡುವುದಿಲ್ಲ.

೨೧-೧೧, ಭಾನುವಾರ. ಮಧ್ಯಾಹ್ನ

ತಿಮ್ಮಿ ತಾನೇ ಮಿಲ್ಲಿನ ಗೇಟಿಗೆ ಬಂದಳು. ಜಟ್ಟುವಿಗೆ ಏನೋ ಆಯಿತು ಅಂದುಕೊಂಡೆ.

"ಎಂತ ಆಗ್ಲಿಲ್ಲ ಮಾರಾಯ, ಮುಖ ಸರಿ ಮಾಡ್ಕ. ದೇವಕಕ್ಕ ಹೇಳಿ ಕಳ್ಸ್ಯದೆ."

ಅತ್ತಿಗೆ. ನನಗೆ.

ಮೊನ್ನೆ ನನ್ನ ಮಾತಿಗೆ ಜಟ್ಟು ಮನೆಯಲ್ಲೇ ಉಳಿದನಲ್ಲ, ಆ ರಾತ್ರಿ ಅವಳಿಗೆ ನಿದ್ದೆ ಬಂತಂತೆ. ಬೆಳಗಿನ ತನಕ. ಅಮ್ಮನ ಮಾತು, ಹೆಂಡತಿಯ ಮಾತು ಯಾವುದನ್ನೂ ಕೇಳದವ ಚಿಕ್ಕಪ್ಪ ಅಂದಕೂಡಲೇ ಬಲೆ ಇಟ್ಟ. ಈಗ ಮಂಗಳವಾರ ಹುಣ್ಣಿಮೆ. ಬೆಳದಿಂಗಳಿಗೆ ಬಂಗಡೆ ಇಲ್ಲ, ಆದರೆ ದೊಡ್ಡ ಭರತಿಯ ನೀರಿಗೆ ಶೆಟ್ಲಿ, ಅಂದರೆ ಸಿಗಡಿ, ಚೆನ್ನಾಗಿ ಬೀಳುತ್ತದೆ. ಜಟ್ಟು ಹೊರಟಿದ್ದಾನೆ. ಅವನಪ್ಪ ಸಿಕ್ಕಿದ ದಿನ.

"ಆಕಾಶ ಸರಿ ಇಲ್ಲ ಅಂತ ಹೇಳೂಕೆ ಹೇಳು ಅಂತು ದೇವಕಕ್ಕ. ಹೆಂಗೇ ಇರ್ಲಿ, ಸರಿ ಇಲ್ಲ ಅಂತ್ಲೇ ಹೇಳ್ಬೇಕಂತೆ."

"ಸರಿ ಇದ್ದರೆ?"

"ಅದ್ನೇ ನಾನೂ ಕೇಳ್ದೆ. ಅವತ್ತು ಅಣ್ಣಂಗೆ ಹೇಳಿದ್ದು ಸುಳ್ಳಾಯ್ತಲ, ಈಗ ಬೇಕಂತ್ಲೇ ಒಂದು ಸುಳ್ಳು ಹೇಳ್ಲಿ ಅಂತು."

ನಾಳೆ ಹೇಳುತ್ತೇನೆ ಅಂದೆ.

೨೨-೧೧, ಸೋಮವಾರ. ಸಂಜೆ ಏಳೂವರೆ

ಬೆಳಗ್ಗೆ ತಿಮ್ಮಿಗೆ ಮುಖ ತೋರಿಸಲಿಲ್ಲ.

ಈಗ ಅಂಗಳದ ನಡುವೆ ನಿಂತು ನೋಡಿ ಬಂದೆ. ಚತುರ್ದಶಿ. ಕ್ಯಾಲೆಂಡರ್ ನೋಡಿದೆ, ಭಟ್ಟರನ್ನು ಕೇಳಿದೆ, ಬೆರಳಲ್ಲೂ ಎಣಿಸಿದೆ. ಮೂರೂ ಒಂದೇ. ಚಂದ್ರನಿಗೆ ಬಳೆ ಇಲ್ಲ, ಮಬ್ಬಿಲ್ಲ. ಕೃತ್ತಿಕೆಯ ಗೊಂಚಲು ಬೆಳದಿಂಗಳಲ್ಲೂ ಅಲುಗದೆ ಇದೆ. ಅಪ್ಪನಾಗಿದ್ದರೆ "ಹೋಗ್ರಾ" ಅಂತಿದ್ದ. ಇಷ್ಟು ಒಳ್ಳೆಯ ಆಕಾಶ ಈ ವರ್ಷ ನೋಡಿಲ್ಲ. ಕೆಟ್ಟದಾಗಿದ್ದರೆ ಎಷ್ಟು ಸುಲಭವಿತ್ತು.

ಸರಿ ಇಲ್ಲ ಅಂದರೆ — ಬೇರೆ ದೋಣಿಗಳು ಮತ್ತೆ ತುಂಬಿ ಬರುತ್ತವೆ. ಜಟ್ಟು ಮೂರನೇ ಸಲ ಕೇಳುವುದಿಲ್ಲ. ನಿಜವಾಗಿ ಕೆಟ್ಟ ರಾತ್ರಿ ಬಂದಾಗ ನನ್ನ ಮಾತಿಗೆ ನಗುತ್ತಾನೆ, ಹೋಗುತ್ತಾನೆ.

ಸರಿ ಇದೆ ಅಂದರೆ — ಒಮ್ಮೆ ಅಂದಿದ್ದೆ.

ಸುಮ್ಮನಿದ್ದರೆ — ಹನ್ನೊಂದು ವರ್ಷ ಅದನ್ನೇ ಮಾಡಿದ್ದು.

ಅನ್ನ ಸೀದಿದೆ. ಒಲೆ ಮರೆತೆ.

ರಾತ್ರಿ ಹತ್ತು

ಅತ್ತಿಗೆಗೆ ಬೇಕಾದದ್ದು ಸುಳ್ಳಲ್ಲವೇನೋ. ಬಾಗಿಲಲ್ಲಿ ಕೂರುವುದು ಯಾಕೆ? ಅಳಿವೆಯಲ್ಲಿ ಯಾರೂ ಇಲ್ಲ ಅಂತ. ನಾನು ಹೋದಮೇಲೆ ಸೂಡಿ ಹಿಡಿಯುವ ಕ್ರಮವನ್ನೇ ಬಿಟ್ಟರಂತೆ. ಬ್ಯಾಟರಿ ಬಂತು, ಇಂಜಿನ್ ಬಂತು ಅಂತ ತಿಮ್ಮಿ ಒಮ್ಮೆ ಹೇಳಿದ್ದಳು.

ಲೆಕ್ಕವನ್ನು ಇಲ್ಲಿಂದ ಹೇಳಿ ಕಳಿಸಬಹುದು. ಸೂಡಿಯನ್ನು ಹೇಗೆ ಕಳಿಸುವುದು.

ವೀರಪ್ಪನನ್ನು ಎಬ್ಬಿಸಿ ರಜೆ ಕೇಳಿದೆ. ಕಣ್ಣುಜ್ಜಿಕೊಂಡು ನೋಡಿದ. "ಹನ್ನೊಂದ ವರ್ಷದಾಗ ಒಂದಿನ ರಜಾ ಕೇಳಿಲ್ಲ. ಈಗ ಕೇಳಾಕತ್ತಿ ಅಂದ್ರ ಮದುವಿಯೇನ?" ಊರಿಗೆ ಅಂದೆ. "ನಿನಗ ಊರ ಐತೇನ?" ಅಂದವನು ಕಂಬಳಿ ಎಳೆದುಕೊಳ್ಳುತ್ತ "ಹೋಗಿ ಬಾ. ಬಾಗ್ಲಾ ಹಾಕ್ಕೊಂಡ ಹೋಗು, ಚಿಲಕಾ ಹತ್ತ ಸಲ ನೋಡಬ್ಯಾಡ" ಅಂದ.

ನಾಲ್ಕು ಸಲ ನೋಡಿದೆ.

೨೩-೧೧, ಮಂಗಳವಾರ. ಮಧ್ಯಾಹ್ನ ಹನ್ನೆರಡೂವರೆ. ಬಸ್‌ಸ್ಟ್ಯಾಂಡು

ತಿಮ್ಮಿಯ ಬಸ್ಸಿಗೇ. ಅವಳು ಖಾಲಿ ಬುಟ್ಟಿ ಮೇಲೆ ಹಾಕಿಸಿ ಕಿಟಕಿಯಿಂದ ಕೂಗುತ್ತಿದ್ದಾಳೆ. "ಸೀಟು ಹಿಡ್ದೆ ಕೆರಿಯಣ್ಣ. ಅಲ್ಲಿ ಕೂತ್ಕಂಡು ಎಂತ ಬರೀತ್ಯ, ಆಸ್ತಿ ಪತ್ರವಾ?"

ಬೆಳಗ್ಗೆ ಏನೂ ತಿಂದಿಲ್ಲ. ಘಟ್ಟದ ತಿರುವಿನಲ್ಲಿ ವಾಂತಿಯಾದರೆ... ಬಸ್ಸು ಕೆಟ್ಟರೆ... ಲಿಂಬೆಹಣ್ಣು ಕಿಸೆಯಲ್ಲಿದೆ.

ಜಟ್ಟುವಿಗೆ ಏನು ಹೇಳಬೇಕು ಅಂತ ಮೂರು ಸಲ ಬಾಯಿಪಾಠ ಮಾಡಿದೆ. ಆಕಾಶ ಸರಿ ಇದೆ. ಹೋಗು. ಹನ್ನೊಂದಕ್ಕೆ ಅಳಿವೆಗೆ ಬಾ. ಬೆಂಕಿ ನೇರ ನಿಂತಿದ್ದರೆ ಒಳಗೆ ಬಾ, ಅಡ್ಡ ಬೀಸಿದರೆ ಹೊರಗೇ ಇರು. ನಾನು ಹತ್ತಕ್ಕೇ ಹೋಗಿ ನಿಲ್ಲುತ್ತೇನೆ. ಒಂಬತ್ತಕ್ಕೇ ಹೋಗುತ್ತೇನೆ.

ಒಣಗಿದ ಗರಿ ಸಿಗಬೇಕು. ಮೊದಲು ಮನೆಯ ಬೇಲಿಯ ದಣಪೆಯ ಹತ್ತಿರ ರಾಶಿ ಇರುತ್ತಿತ್ತು, ಈಗ ಇದೆಯೋ ಇಲ್ಲವೋ. ಎರಡು ಬೆಂಕಿಪೊಟ್ಟಣ ತೆಗೆದುಕೊಂಡೆ. ಒಂದು ಒದ್ದೆಯಾದರೆ ಇನ್ನೊಂದಿರಲಿ.

ಕಂಡಕ್ಟರ್ ಸೀಟಿ ಊದಿದ. ಅತ್ತಿಗೆ ಬಾಗಿಲಲ್ಲೇ ಕೂತಿದ್ದರೆ ಮೊದಲು ಏನು ಹೇಳುವುದು... ತಿಮ್ಮಿ ಕೂಗುತ್ತಿದ್ದಾಳೆ, ಹತ್ತುತ್ತೇನೆ.