ಅಲ್ ವಕ್ರಾದ ಮೊಣಕಾಲುದ್ದದ ಸಮುದ್ರ

ಅಕ್ಕಾ,

ನಾನು ಒಬ್ಬಳೇ ಹೋದರೆ ಮುಳುಗಿ ಸಾಯುತ್ತೇನೆ ಎಂದಿದ್ದ ಭಾವನಿಗೆ ಹೇಳು: ಕತಾರಿನ ಈ ಬೀಚಿನಲ್ಲಿ ಮುಳುಗಬೇಕೆಂದರೆ ಮಲಗಬೇಕು. ಎಷ್ಟು ನಡೆದರೂ ನೀರು ಮೊಣಕಾಲಿಗೇ. ಅದೂ ಸ್ನಾನಕ್ಕೆ ಕಾಯಿಸಿಟ್ಟಷ್ಟು ಬಿಸಿ.

ನಿನ್ನೆ ದಡದಲ್ಲಿ ಬಾಗಲಕೋಟೆಯ ನೀಲಕ್ಕ ಎಂಬವಳು ಸಿಕ್ಕಳು. "ಒಬ್ರ ಬಂದೀರೇನ್ರೀ? ಅಯ್ಯ ಪಾಪ!" ಎಂದು ಮರುಗಿದಳು. ತಾನು ಮಾತ್ರ ಇಷ್ಟು ವರ್ಷ ಇಲ್ಲೇ ಇದ್ದು ಒಮ್ಮೆಯೂ ನೀರಿಗಿಳಿದಿಲ್ಲವಂತೆ. "ನಮ್ಮನಿಯವರು ಬ್ಯಾಡ ಅಂತಾರ್ರೀ, ನೆಗಡಿ ಆಕ್ಕೈತಂತ."

ಪಾಪ ಯಾರೆಂದು ನಾನು ವಾದಿಸಲಿಲ್ಲ, ಕೈ ಚಾಚಿದೆ. ಸೀರೆ ಸಮೇತ ಬಂದು ಕುತ್ತಿಗೆಯವರೆಗೆ ನೀರಲ್ಲಿ ಕೂತು ನಕ್ಕಳು. "ಯಲ್ಲಾ, ಸಾಕ ಬಾ!" ಎಂದು ಗಂಡ ದಡದಿಂದ, ಇಲ್ಲಿಯ ಅರಬರು 'ನಡಿ ನಡಿ' ಎನ್ನುವಂತೆ, ಕೂಗಿದರೆ, "ನೀವ ಬರ್ರಿ!" ಎಂದಳು. ಮಹಾಶಯರು ಕತ್ತಲಾಗುವವರೆಗೂ ನಮ್ಮಿಬ್ಬರ ಚಪ್ಪಲಿ ಕಾದರು.

ಬಿಸಿಲಿಗೆ ಮೂಗು ಸುಲಿದಿದೆ, ಉಳಿದಂತೆ ಗಟ್ಟಿಯಾಗಿದ್ದೇನೆ. ನೀಲಕ್ಕ ನನ್ನ ಹೋಟೆಲಿನ ಕಿಟಕಿಯ ಕೆಳಗೆ ನಿಂತು ಕರೆಯುತ್ತಿದ್ದಾಳೆ. ಇವತ್ತು ಗಂಡನನ್ನು ಮನೆಯಲ್ಲೇ ಬಿಟ್ಟು ಬಂದಿದ್ದಾಳೆ.

ನಿನ್ನ ತಂಗಿ,
ವಾರಿಜಾ