ತುಳಸಿಗೆ ಹಾಕಿ ಉಳಿದ ನೀರು

ಪುಣೆ, ೧೯೪೨

ನೋಡ್ರಿ,

ಚಳವಳಿಗೆಂದು ಮನೆ ಬಿಟ್ಟು ಪೊಲೀಸರಿಗೇ ಸಿಗದ ನಿಮಗೆ ಈ ಪತ್ರ ಎಲ್ಲಿ ಸಿಗಬೇಕು? ಆದರೂ ಹೇಳದೆ ಇರಲಾರೆ. ನೀವು ತಟ್ಟೆಯಂಥ ಕುಂಡದಲ್ಲಿ ಕುಳ್ಳಗೆ ಬೆಳೆಸಿದ ಬಾಕ್ಸ್‌ವುಡ್ ಮರ ಹಳದಿಯಾಗಿದೆ. ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕು ಎಂದಿದ್ದಿರಿ. ದಿನವೂ ಬೆರಳಿಟ್ಟು ನೋಡುತ್ತಿದ್ದೆ, ಅದು ಒಣಗುತ್ತಲೇ ಇರಲಿಲ್ಲ.

ಇಂದು ಬೆಳಿಗ್ಗೆ ಕಾರಣ ಕಂಡೆ. ಅತ್ತೆಯವರು ತುಳಸಿಗೆ ಹಾಕಿ ಉಳಿದ ನೀರನ್ನೆಲ್ಲ ನಿಮ್ಮ ಮರಕ್ಕೆ ಸುರಿದು, ಅದಕ್ಕೂ ಪ್ರದಕ್ಷಿಣೆ ಹಾಕುತ್ತಿದ್ದರು. ನೀವು ಹೋದಾಗಿನಿಂದ ಹೀಗೇ ನಡೆದಿದೆಯಂತೆ.

ಕುಂಡದಿಂದ ಎತ್ತಿ ನೋಡಿದರೆ ಬೇರು ಕೊಳೆತು ನಾರುತ್ತಿತ್ತು. ಕಪ್ಪಗಾದದ್ದನ್ನು ಕತ್ತರಿಸಿ, ಮರಳು ಬೆರೆಸಿದ ಹೊಸ ಮಣ್ಣಿನಲ್ಲಿ ನೆಟ್ಟೆ. ಉಳಿದ ಬೇರು ಒಂದು ಹಿಡಿಯೂ ಇಲ್ಲ.

"ಇನ್ನ ಇದಕ್ಕ ನೀರು ಹಾಕಬ್ಯಾಡ್ರಿ, ಸತ್ತು ಹೋಗ್ತದ" ಎಂದುಬಿಟ್ಟೆ. ಆ ಮಾತು ನನ್ನ ಬಾಯಿಂದ ಬರಬಾರದಿತ್ತು.

ಅತ್ತೆಯವರು ಖಾಲಿ ತಂಬಿಗೆ ಹಿಡಿದು ನಿಂತೇ ಇದ್ದರು. "ಹಂಗಾದ್ರ ನನ್ನ ಮಗನ ಸಲುವಾಗಿ ನಾ ಏನ್ ಮಾಡ್ಲಿ, ಗೋದಾ?"

ಸಂಜೆ ಅವರ ಬೆರಳು ಹಿಡಿದು ಮಣ್ಣಿನಲ್ಲಿ ಇಡಿಸಿದೆ. "ಒಣಗೇದೇನು, ದಿನಾ ನೀವೇ ನೋಡ್ರಿ."

"ಇನ್ನೂ ಹಸಿ ಅದ" ಎಂದರು.

ದೀಪ ಹಚ್ಚುವ ಹೊತ್ತಾಯಿತು. ಅವರಿನ್ನೂ ಬೆರಳು ತೆಗೆದಿಲ್ಲ.