ಎಡಕ್ಕೆ ತಿರುಗಿದ ನೂಲು

ನವೆಂಬರ್ 3, ಸೋಮವಾರ. ಬೆಳಗ್ಗೆ ಆರೂವರೆ

ತಂಗಿಯ ಮುಖ ಒರೆಸಿ, ಹಾಸಿಗೆ ಸರಿಮಾಡಿ, ಹಾಲು ಕುಡಿಸಿದ್ದಾಯಿತು. ಅರ್ಧ ಹೊಟ್ಟೆಗೆ, ಅರ್ಧ ಟವೆಲ್ಲಿಗೆ. ಎಡಗೈ ಮಡಿಲಲ್ಲಿ ಬಿದ್ದಿದೆ — ಬೇರೆ ಯಾರದೋ ಕೈ ಇಟ್ಟುಕೊಂಡ ಹಾಗೆ. ಸ್ಟ್ರೋಕ್ ಆಗಿ ಇವತ್ತಿಗೆ ನಲವತ್ತು ದಿನ. ಮಾತಿಲ್ಲ. ನಗುವಿಲ್ಲ. ಅಳುವೂ ಇಲ್ಲ, ನನಗೆ ಅದೇ ಭಯ. ಹಾಸ್ಟೆಲಿನ ಕೆಲಸಕ್ಕೆ ಇನ್ನೂ ಒಂದು ತಿಂಗಳು ರಜೆ ಬರೆದು ಕಳಿಸಿದೆ.

ಆಮೇಲೆ ಕಿಟಕಿ ಹತ್ತಿರ ಕೂತು ಅರ್ಧ ಗಂಟೆ ನೂತೆ. ತಕಲಿಯನ್ನು ಒಂದು ಸಲ ತಿರುಗಿಸಿದರೆ ದೇವರ ಒಂದು ಹೆಸರು. ಅಮ್ಮ ಕಲಿಸಿದ್ದು. ಉಣ್ಣೆಯಲ್ಲಿ ಅಂಟಿಲ್ಲ, ಗಂಟಿಲ್ಲ. ಊದಿದರೆ ಹಾರಿಹೋಗುವ ಕೂದಲು. ತಿರುಪು ಬಿದ್ದರೆ ನೂಲು, ಇಲ್ಲದಿದ್ದರೆ ಕಸ. ಆ ತಿರುಪು ಎಲ್ಲಿದೆ ತೋರಿಸು ಅಂದರೆ ತೋರಿಸಲಾಗದು. "ದೇವರೆಲ್ಲಿದಾನೆ ಅನ್ನೋರ ಕೈಗೆ ಒಂದು ತಕಲಿ ಕೊಡ್ರಪ್ಪಾ" ಅನ್ನುತ್ತಿದ್ದಳು ಅಮ್ಮ.

ಉಣ್ಣೆಯನ್ನು ಬಿಗಿಯಾಗಿ ಹಿಡಿದರೆ ಎಳೆ ಬರುವುದಿಲ್ಲ. ಪೂರ್ತಿ ಬಿಟ್ಟರೆ ತಕಲಿ ನೆಲಕ್ಕೆ. ನಡುವೆ ಎಲ್ಲೋ ಪ್ರಾರ್ಥನೆ ಇದೆ.

ನವೆಂಬರ್ 5, ಬುಧವಾರ. ಮಧ್ಯಾಹ್ನ

ತಂಗಿಯ ಮಗಳು ಬಂದಿದ್ದಳು. ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಬಗ್ಗಿ ಮಂಚದ ಕೆಳಗಿಂದ ಪೆಟ್ಟಿಗೆ ಎಳೆದಳು. ಬೈದೆ, ಕೇಳಲಿಲ್ಲ. ಒಳಗೆ ತಂಗಿಯ ತಕಲಿ, ಮೈತುಂಬ ಬಿಳಿ ಎಳೆ. ಹುಟ್ಟುವ ಮಗುವಿನ ಕಂಬಳಿಗೆ ಅಂತ ನೂತಿಟ್ಟದ್ದು. ಎರಡೆಳೆ ಸೇರಿಸಿ ಹುರಿ ಮಾಡಬೇಕು. ಒಂದೆಳೆ ಆಗಿದೆ, ಅಷ್ಟರಲ್ಲಿ ಹೀಗಾಯಿತು.

"ದೊಡ್ಡಮ್ಮಾ, ಇನ್ನೊಂದೆಳೆ ನೀನು ನೂತುಬಿಡು."

"ಅಂಗಡೀಲಿ ಮೆತ್ತಗಿರೋದು ಸಿಗುತ್ತಲ್ಲೇ."

"ಅಂಗಡಿಯೋನು ನನ್ನ ಹೆತ್ತಿಲ್ವಲ್ಲ."

ಪೆಟ್ಟಿಗೆಯಿಂದ ತಕಲಿ ಎತ್ತಿಕೊಂಡೆ. ಗೋಡೆ ನೋಡುತ್ತಿದ್ದ ತಂಗಿ ತಕಲಿ ಕಂಡಿದ್ದೇ ಕಣ್ಣು ಈ ಕಡೆ ತಿರುಗಿಸಿದಳು. ಇಷ್ಟು ದಿನದಲ್ಲಿ ಮೊದಲ ಸಲ. ಇದನ್ನು ಮುಗಿಸಲೇಬೇಕು. ದೇವರೇ, ಇದೊಂದನ್ನು ಮುಗಿಸಿಕೊಡು.

ನವೆಂಬರ್ 8, ಶನಿವಾರ. ಸಂಜೆ

ಮೂರು ದಿನ ನೂತು ನನ್ನೆಳೆ ಮುಗಿಸಿದೆ. ಹುರಿ ಮಾಡಲು ಕೂತೆ. ನೂಲುವುದು ಬಲಕ್ಕೆ, ಹುರಿ ಎಡಕ್ಕೆ — ಎದುರುಬದುರಾಗಿ ತಿರುಗಿಸಿದರೇ ಎರಡೆಳೆ ಒಂದನ್ನೊಂದು ಹಿಡಿಯುವುದು. ಹಿಡಿಯಲಿಲ್ಲ. ನನ್ನದು ಬಿಚ್ಚಿಕೊಂಡಿತು, ಅವಳದು ಬಿಗಿದು ಬಿಗಿದು ಸುರುಳಿ. ಸಿಟ್ಟು ಬಂದು ಬಲಕ್ಕೆ ತಿರುಗಿಸಿದೆ. ನನ್ನದು ಬಿಗಿಯಿತು. ಅವಳದು ಬಿಚ್ಚಿ ಪಟ್ಟಂತ ಕಡಿಯಿತು.

ಡ್ರೈವರ್ ಡ್ಯೂಟಿ ಮುಗಿಸಿ ಬಂದ. ತಂಗಿಯ ಗಂಡ. ಬಸ್ ಓಡಿಸುತ್ತಾನೆ, ಮನೆಯಲ್ಲೂ ಅವನಿಗೆ ಅದೇ ಹೆಸರು.

"ಏನಕ್ಕಾ, ಒಂದು ಬಸ್ಸಿಗೆ ಎರಡು ಸ್ಟೀರಿಂಗ್ ಹಾಕಿದಂಗಿದೆ?"

"ಯಾಕೋ ಕೂಡ್ತಾ ಇಲ್ಲ ಕಣೋ."

"ಹೆಂಗ್ ಕೂಡುತ್ತೆ? ನೀವು ಬಲಗೈ, ಅವಳು ಎಡಗೈ."

ಕೈಯಲ್ಲಿದ್ದದ್ದು ಕೈಯಲ್ಲೇ ನಿಂತಿತು. ಹೌದಲ್ಲ. ಎಡಗೈ ತಿರುಗಿಸಿದರೆ ತಕಲಿ ಎಡಕ್ಕೇ ಸುತ್ತುತ್ತದೆ. ತಂಗಿ ಎಡಚಿ ಅಂತ ಊರಿಗೆಲ್ಲ ಸಾರಿದವಳೇ ನಾನು. ಅದನ್ನೇ ಮರೆತಿದ್ದೆ. ಮರೆತಿದ್ದೆನೋ, ಮರೆಯಬೇಕು ಅಂತ ಮರೆತಿದ್ದೆನೋ…

ನವೆಂಬರ್ 9, ಭಾನುವಾರ. ಪ್ರಾರ್ಥನೆ ಆದಮೇಲೆ

ಪ್ರಾರ್ಥನೆ ಅಂಟಲಿಲ್ಲ. ಬರೆದುಬಿಡುತ್ತೇನೆ.

ನನಗೆ ಹತ್ತು, ಅವಳಿಗೆ ಆರು. ಶಾಲೆಗೆ ರಜೆ. ಅವಳ ಎಡಗೈಯನ್ನು ಕುರ್ಚಿಯ ಕಾಲಿಗೆ ಕಟ್ಟಿದೆ, ನಾನೇ ನೂತ ನೂಲಿನಲ್ಲಿ. "ಎಡಕ್ಕೆ ನೂತರೆ ದೇವರ ಹೆಸರು ಹಿಂದುಮುಂದಾಗುತ್ತೆ ಕಣೇ" ಅಂದೆ. ಅಮ್ಮ ಹೇಳಿರಲಿಲ್ಲ. ನಾನೇ ಕಟ್ಟಿದ ಶಾಸ್ತ್ರ. ಇಡೀ ರಜೆ ದಿನಾ ಕಟ್ಟಿದೆ. ಮೂಗು ಸುರಿಸಿಕೊಂಡು ಬಲಗೈಯಲ್ಲಿ ತಿರುಗಿಸಿದಳು. ಮಣಿಕಟ್ಟಿನಲ್ಲಿ ಕೆಂಪು ಗೆರೆ. ರಜೆ ಮುಗಿದಮೇಲೆ ನನ್ನೆದುರು ಒಂದು ದಿನವೂ ನೂಲಲಿಲ್ಲ.

ಆ ಮಾತು ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನಲವತ್ತು ವರ್ಷ.

ಈಗ ಅದೇ ಕೈ ಹೋಗಿದೆ. ಡಾಕ್ಟರು ರಕ್ತನಾಳ ಅನ್ನುತ್ತಾರೆ. ಗೊತ್ತು, ನಾನೇನು ಹುಚ್ಚಿಯಲ್ಲ. ಆದರೂ ಕೈ ಒರೆಸುವಾಗ ಮಣಿಕಟ್ಟಿನಲ್ಲಿ ಆ ಗೆರೆ ಹುಡುಕುತ್ತೇನೆ.

ಕ್ಷಮಿಸು ಅನ್ನಬೇಕು. ಆದರೆ ಮಾತಿಲ್ಲದವಳು ಬೇಡ ಅನ್ನುವುದಾದರೂ ಹೇಗೆ? ಬೇಡ ಅನ್ನಲಾರದವರ ಹತ್ತಿರ ಪಡೆದದ್ದು ಕ್ಷಮೆಯಲ್ಲ. ಕಳ್ಳತನ.

ನವೆಂಬರ್ 21, ಶುಕ್ರವಾರ. ಬೆಳಗ್ಗೆ ಹತ್ತು

ಹನ್ನೆರಡು ದಿನ ಬರೆಯಲಿಲ್ಲ. ತಕಲಿ ಮುಟ್ಟಲಿಲ್ಲ.

ಇವತ್ತು ಮುಟ್ಟಿದೆ. ಅವಳ ಎಳೆ ಇನ್ನು ಬದಲಾಗದು. ಬದಲಾಗಬೇಕಾದದ್ದು ನನ್ನದು. ಮಂಚದ ಎದುರೇ ಕೂತು, ಎಡಗೈಯಲ್ಲಿ, ಎಡಕ್ಕೆ. ಅಯ್ಯೋ ಶಿವನೇ! ಒಂದು ಕಡೆ ಹಗ್ಗ, ಒಂದು ಕಡೆ ಜೇಡರ ಬಲೆ. ಕೈ ತಪ್ಪಿದರೆ ನಾಲಿಗೆಯೂ ತಪ್ಪುತ್ತದೆ, ಇಷ್ಟು ವರ್ಷ ಹೇಳಿದ ಹೆಸರೇ ತೊದಲಿತು. ಬಿಡದೆ ಹೇಳಿದೆ. ಎಷ್ಟೋ ಹೊತ್ತಿನ ಮೇಲೆ ಎರಡೂ ಒಟ್ಟಿಗೆ ಬಂದವು. ಹೆಸರೇನೂ ಹಿಂದುಮುಂದಾಗಲಿಲ್ಲ. ತಕರಾರು ದೇವರದಾಗಿರಲಿಲ್ಲ, ನನ್ನದು.

ಅಷ್ಟು ಅಂದುಕೊಂಡು ಬೀಗಿದೆ, ನೋಡು — ಎಳೆ ಕಡಿದು ತಕಲಿ ನನ್ನ ಕಾಲ್ಬೆರಳ ಮೇಲೇ ಬಿತ್ತು. ಕಿರುಚಿದೆ. ಮಂಚದಿಂದ ಏನೋ ಸದ್ದು. ಕೆಮ್ಮು ಅಂದುಕೊಂಡೆ. ಅಲ್ಲ. ತಂಗಿ ನಗುತ್ತಿದ್ದಳು! ಒಂದೇ ಕಡೆಯ ಬಾಯಿಂದ.

ಡ್ರೈವರ್ ಕೆನ್ನೆಯ ಮೇಲೆ ಸೋಪಿನ ನೊರೆಯೊಂದಿಗೇ ಓಡಿಬಂದ.

"ಏನಾಯ್ತಕ್ಕಾ?"

"ನಿನ್ನ ಹೆಂಡ್ತಿ ನನ್ನ ನೋಡಿ ನಕ್ಕಳು."

"ಅದೇನು ಮಹಾ, ನಾನು ಇಷ್ಟು ವರ್ಷದಿಂದ ನಗ್ತಿಲ್ವಾ" ಅಂದವನು ಗೋಡೆ ಕಡೆ ತಿರುಗಿ ನಿಂತ. ನೊರೆ ಒರೆಸಿಕೊಳ್ಳುವ ನೆಪ. ಬಹಳ ಹೊತ್ತು ಒರೆಸಿಕೊಂಡ.

ನವೆಂಬರ್ 26, ಬುಧವಾರ

ಬೆಳಗ್ಗೆ ಹಾಲಿಗೆ ತಲೆ ಆಡಿಸಿದಳು. ಬೇಡ. ಬಲಗೈಯಿಂದ ಲೋಟ ತಳ್ಳಿಯೂಬಿಟ್ಟಳು.

ಬೇಡ ಅನ್ನಲು ಬಂತು. ಇನ್ನು ನನಗೆ ನೆಪವಿಲ್ಲ.

"ಆ ರಜೇಲಿ ನಿನ್ನ ಕೈ ಕಟ್ಟಿದ್ದೆ. ನೆನಪಿದೆಯೇನೇ?"

ತಲೆ ಬಗ್ಗಿಸಿದಳು. ಇದೆ.

"ತಪ್ಪಾಯ್ತು. ಕ್ಷಮಿಸ್ತೀಯಾ?"

ಕಣ್ಣು ಮುಚ್ಚಿದಳು. ತೆರೆದಳು. ಹಾಲಿಗೆ ಆಡಿಸಿದ ಹಾಗೇ ತಲೆ ಆಡಿಸಿದಳು. ಇಲ್ಲ.

ಸರಿ ಅಂದೆ. ಹೋಗಿ ಪಾತ್ರೆ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ. ಕೇಳಿದ್ದು ನಾನು, ಉತ್ತರ ಅವಳದು. ಆಮೇಲೆ ಬಂದು ಎಡಕ್ಕೆ ನೂತೆ. ಇವತ್ತು ಎಳೆ ಸ್ವಲ್ಪ ಸಮ ಬಂದಿದೆ.

ಡಿಸೆಂಬರ್ 2, ಮಂಗಳವಾರ. ಸಂಜೆ ಐದು

ನನ್ನ ಎಡದ ಎಳೆ ಮುಗಿಯಿತು. ಸೊಟ್ಟ. ಇರಲಿ. ಈಗ ಎರಡೂ ಎಡದವು, ಹುರಿ ಬಲಕ್ಕೆ. ಮಂಚಕ್ಕೆ ಒರಗಿ ನೆಲದ ಮೇಲೆ ಕೂತು ತುದಿ ಸೇರಿಸುತ್ತಿದ್ದೆ. ತಂಗಿ ಬಲಗೈ ಚಾಚಿದಳು. ನೀರು ಕೊಟ್ಟೆ, ತಳ್ಳಿದಳು. ತಕಲಿ ಕೊಟ್ಟೆ. ಹಿಡಿದಳು.

ಎಳೆಗಳನ್ನು ನಾನು ಹಿಡಿದೆ. ತಿರುಗಿಸಿದ್ದು ಅವಳು. ಬಲಗೈಯಲ್ಲಿ, ಬಲಕ್ಕೆ — ಮೂಗು ಸುರಿಸಿಕೊಂಡು ಕಲಿತ ಕೈ. ಎರಡೆಳೆಯೂ ಒಂದನ್ನೊಂದು ಹಿಡಿದವು. ಎಳೆದು ನೋಡಿದೆ. ಬಿಚ್ಚಲಿಲ್ಲ. ಯಾವುದು ಯಾರದು ಅಂತ ಕಣ್ಣಿಗೆ ಗೊತ್ತಾಗದು, ಸೊಟ್ಟಗಿದ್ದಲ್ಲಿ ಮಾತ್ರ ನಾನು.

ಒಂದು ಮೊಳ ಆದಮೇಲೆ ನಿಲ್ಲಿಸಿದಳು. ಹುರಿಯನ್ನು ನನ್ನ ಬಲಗೈಗೆ ಸುತ್ತಿದಳು. ಒಂದು ಸುತ್ತು. ಎರಡು. ಒಂದೇ ಕೈಯಲ್ಲಿ, ಹಲ್ಲು ಕಚ್ಚಿಕೊಂಡು, ಮಂಚದ ಸರಳಿಗೂ ಸುತ್ತಿ ಎಳೆದಳು. ನನ್ನ ಮುಖವನ್ನೇ ನೋಡುತ್ತಿದ್ದಳು. ಸುಮ್ಮನೆ ಕೈ ಕೊಟ್ಟೆ.

ಡ್ರೈವರ್ ಇಣುಕಿದ. "ಅಕ್ಕಾ, ಬಿಚ್ಚಲಾ?"

"ನೀನು ಹೋಗಿ ಟೀ ಕುಡಿ."

ಪುಸ್ತಕ ಮಡಿಲಲ್ಲಿದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅದಕ್ಕೇ ಅಕ್ಷರ ಹೀಗೆ. ಬೇಕೆಂದರೆ ಬಿಚ್ಚಿಕೊಳ್ಳಬಹುದು. ಬಿಚ್ಚಿಕೊಂಡಿಲ್ಲ. ಇನ್ನೊಂದು ತುದಿ ಅವಳ ಮುಷ್ಟಿಯಲ್ಲಿದೆ. ನಿದ್ದೆ ಬಂದಿರಬೇಕು ಅಂದುಕೊಂಡೆ. ಇಲ್ಲ, ಈಗ ಎಳೆದಳು. ಮತ್ತೆ ಎಳೆದಳು. ಏನೇ, ಏನು ಬೇಕೇ ಅಂದೆ. ಬಾಯಿ ಆಡುತ್ತಿದೆ, ಒಂದು ಕಡೆಯಷ್ಟೇ, ಅ… ಅಕ್—